ಬುದ್ಧಿ ಕೆಟ್ಟಿತೆಂದು ಹೇಳತಕ್ಕವರು ಯಾರು?

ನಮ್ಮ ಊರುಗಳಲ್ಲಿ ಅತಿ ಸುಲಭವಾಗಿ ಬಾಯಿಂದ ಹೊರಡುವ, ಆದರೆ ಎಷ್ಟು ಪ್ರಯಾಸಪಟ್ಟರೂ ಹಿಂದಕ್ಕೆ ತೆಗೆದುಕೊಳ್ಳಲಾಗದ ಒಂದು ಮಾತುಂಟು. ಅದು ಹುಚ್ಚು ಎಂಬದು. ಅಕಾಲದಲ್ಲಿ ಸುರಿದ ಮಳೆಯನ್ನು ಹುಚ್ಚು ಮಳೆ ಅನ್ನುತ್ತೇವೆ. ಸಾಲ ಮಾಡಿ ಜಾತ್ರೆಯಲ್ಲಿ ಎತ್ತು ಕೊಂಡವನನ್ನು ಹುಚ್ಚನೆನ್ನುತ್ತೇವೆ. ತುಂಟ ಮಗುವನ್ನು ಮುದ್ದಿನಿಂದ ಹುಚ್ಚಪ್ಪಾ ಎಂದು ಕರೆಯುತ್ತೇವೆ. ಇವುಗಳಿಂದ ಯಾರಿಗೂ ಕೇಡಿಲ್ಲ. ಆದರೆ ಅದೇ ಮಾತನ್ನು ಒಂದು ಮನೆಯ ಮಗಳ ಮೇಲೆ ನಿಜವಾಗಿ ಹೊರಿಸಿದರೆ ಆಕೆಯ ಲಗ್ನವು ನಿಲ್ಲುವದು. ಅಣ್ಣತಮ್ಮಂದಿರಲ್ಲಿ ಒಬ್ಬನ ಮೇಲೆ ಹೊರಿಸಿದರೆ ಹೊಲ ಹಂಚುವಾಗ ಅವನ ಮಾತು ನಡೆಯದು. ಅವನು ನೆಟ್ಟಗೆ ಮಾತಾಡಿದರೂ, ಅವನದೇನು ಕೇಳುತ್ತೀರಿ ಎಂದು ಜನರು ನಗುವರು. ಹೀಗಿರುವಲ್ಲಿ, ಒಬ್ಬ ಮನುಷ್ಯನ ಮನಸ್ಸು ರೋಗಕ್ಕೆ ಒಳಗಾಗಿದೆಯೆಂದು ಯಾವ ಅಳತೆಯಿಂದ ಹೇಳಬೇಕು, ಹಾಗೆ ಹೇಳತಕ್ಕವರು ಯಾರು, ಎಂಬ ಪ್ರಶ್ನೆಯು ಡಾಕ್ಟರರಿಗೆ ಮಾತ್ರ ಸೇರಿದ್ದಲ್ಲ. ಅದು ನ್ಯಾಯದ ಪ್ರಶ್ನೆ. ಆದಕಾರಣ ನಮ್ಮೆಲ್ಲರಿಗೂ ಸೇರಿದ್ದಾಗಿದೆ.

ಜ್ವರ ಬಂದವನ ಬಗಲಲ್ಲಿ ಥರ್ಮಾಮೀಟರನ್ನು ಇಟ್ಟರೆ ಅದು ಬೆಟಗೇರಿಯಲ್ಲಿಯೂ ಲಂಡನ್ ಪಟ್ಟಣದಲ್ಲಿಯೂ ಒಂದೇ ರೀತಿಯಲ್ಲಿ ಲೆಕ್ಕ ತೋರಿಸುವದು. ರೋಗಿಯ ಭಾಷೆ ಯಾವದು, ಅವನು ಯಾವ ಕುಲದವನು, ಯಾರಿಗೆ ಕೈಮುಗಿಯುವನು ಎಂದು ಅದು ಕೇಳುವದಿಲ್ಲ. ಮನಸ್ಸಿನ ತಾಪವನ್ನು ಅಳೆಯುವದಕ್ಕೆ ಅಂಥ ಸಲಕರಣೆ ಇಲ್ಲ. ಅಲ್ಲಿ ಡಾಕ್ಟರನಿಗೆ ಇರುವ ಸಾಧನಗಳು ಮೂರೇ: ರೋಗಿಯು ಆಡುವ ಮಾತು, ಅವನ ನಡತೆ, ಮನೆಯವರು ಹೇಳುವ ಸಂಗತಿ. ಈ ಮೂರೂ ಊರಿನ ಭಾಷೆಯಿಂದಲೂ ಪದ್ಧತಿಯಿಂದಲೂ ನೆಯ್ದವುಗಳಾಗಿವೆ. ಆದದರಿಂದ ಭಾಷೆ ತಿಳಿಯದವನು ಅಳೆದರೆ ಅಳತೆಯೇ ತಪ್ಪುವ ಭಯವುಂಟು.

ಪರದೇಶದವರು ಬಂದು ನಮ್ಮನ್ನು ಅಳೆಯುವಾಗ ಮಾತ್ರ ಈ ತೊಂದರೆ ಎಂದು ಯಾರೂ ನೆನಸಬಾರದು. ನಮ್ಮ ನಾಲ್ಕು ಊರುಗಳ ಸುತ್ತಳತೆಯಲ್ಲಿಯೇ ಎಷ್ಟು ಜನಾಂಗಗಳಿವೆ ನೋಡಿರಿ. ಬೆಟಗೇರಿಯಲ್ಲಿ ಮಗ್ಗದವರು, ಲಕ್ಷ್ಮೇಶ್ವರದಲ್ಲಿ ಮನೆಯೊಳಗೆ ಉರ್ದು ಆಡುವ ಮುಸಲ್ಮಾನರು, ಕಪ್ಪತಗುಡ್ಡದ ಸುತ್ತಲಿನ ತಾಂಡೆಗಳಲ್ಲಿ ಲಂಬಾಣಿಗರು, ಮುಂಡರಗಿಯ ಕಡೆಗೆ ತುಂಗಭದ್ರೆಯ ದಂಡೆಯ ಒಕ್ಕಲಿಗರು. ಕನ್ನಡ ಮಾತ್ರ ಬಲ್ಲ ಒಬ್ಬ ದಾದಿಯು ಶಿರಹಟ್ಟಿಯಿಂದ ತಾಂಡೆಗೆ ಹೋಗಿ ಒಬ್ಬ ಲಂಬಾಣಿ ಮುದುಕಿಯ ಹತ್ತಿರ ಕೂತುಕೊಂಡರೆ, ಆ ಮುದುಕಿಗೆ ಈಕೆಯೇ ಪರದೇಶಿಯು. ಮಳೆ ಹೋದ ವರುಷ ನಮ್ಮ ಜನರು ಗೋವೆಗೂ ಮಂಗಳೂರಿಗೂ ದುಡಿಯಲು ಹೋಗುತ್ತಾರಲ್ಲವೇ? ಅಲ್ಲಿ ಒಬ್ಬನಿಗೆ ಮನಸ್ಸು ಕೆಟ್ಟರೆ, ಕೊಂಕಣಿ ಆಡುವ ಡಾಕ್ಟರನಿಗೂ ಮುಂಡರಗಿಯ ಕೂಲಿಯವನಿಗೂ ನಡುವೆ ಹತ್ತು ವರುಷದ ಹುಡುಗನು ದುಭಾಷಿಯಾಗುವನು. ತಂದೆಯು ಕಣ್ಣೀರಿಟ್ಟು ಹತ್ತು ಮಾತು ಹೇಳಿದರೆ ಹುಡುಗನು, ನಿದ್ದೆ ಬರುವದಿಲ್ಲವಂತೆ, ಎಂದು ಒಂದು ಮಾತಿನಲ್ಲಿ ಮುಗಿಸುವನು. ಹೆಂಡತಿಯ ಸಂಕಟವನ್ನು ಗಂಡನು ತಿಳಿಯಪಡಿಸುವಲ್ಲಿಯೂ ಹೀಗೆಯೇ. ತನಗೆ ಅವಮಾನವಾಗುವ ಮಾತನ್ನು ಅವನು ದಾಟಿಸದೆ ಬಿಡುವನು.

ತಪ್ಪು ಅಳತೆ ಹ್ಯಾಗಾಗುವದೆಂಬದಕ್ಕೆ ಒಂದು ದೃಷ್ಟಾಂತವನ್ನು ಎಣಿಸಿಕೊಳ್ಳೋಣ. ಗಂಡನು ಸತ್ತು ಎರಡು ತಿಂಗಳಾದ ಒಬ್ಬ ಸಹೋದರಿಯನ್ನು, ಎದುರಿಗೆ ಇಲ್ಲದವರ ಧ್ವನಿಯು ನಿನಗೆ ಕೇಳಿಸುತ್ತದೋ, ಎಂದು ಒಬ್ಬರು ಕಾಗದ ನೋಡಿ ಕೇಳುತ್ತಾರೆ. ಆಕೆಯು, "ಹೌದ್ರಿ, ಹೊತ್ತು ಮುಳುಗಿದ ಮ್ಯಾಲೆ ಅವರು ಹೊರಗಿಂದ ಕರದಂಗಾಗತೈತಿ" ಎನ್ನುತ್ತಾಳೆ. ಕೇಳಿದವರು ಇದನ್ನು ದೊಡ್ಡ ರೋಗದ ಲಕ್ಷಣವೆಂದು ಬರೆದುಕೊಂಡರೆ ಅದು ಸತ್ಯವೋ? ವೇಲ್ಸ್ ದೇಶದ ಹಳ್ಳಿಗಾಡಿನಲ್ಲಿ ವೈದ್ಯರಾಗಿದ್ದ ಡೀವಿ ರೀಸ್ ಎಂಬವರು ೨೯೩ ಮಂದಿ ವಿಧವೆಯರನ್ನೂ ವಿಧುರರನ್ನೂ ವಿಚಾರಿಸಿ ೧೯೭೧ರಲ್ಲಿ ಪ್ರಕಟಿಸಿದ ಬರಹದ ಮೇರೆಗೆ, ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ತೀರಿಹೋದ ಸಂಗಾತಿಯು ಹತ್ತಿರ ಇದ್ದ ಹಾಗೆ, ಕಂಡ ಹಾಗೆ, ಇಲ್ಲವೆ ಮಾತಾಡಿದ ಹಾಗೆ ಅನುಭವವಾಗಿತ್ತು. ಅವರು ರೋಗಿಗಳಾಗಿರಲಿಲ್ಲ, ದುಃಖಿತರಾಗಿದ್ದರು. ಆ ಸಹೋದರಿಯ ಉತ್ತರವು ಸುಳ್ಳಲ್ಲ. ಆದರೆ ಒಂದೇ ಉತ್ತರದಿಂದ ಒಂದು ಬಾಳನ್ನು ಅಳೆದದ್ದು ತಪ್ಪು.

ಈ ಬಗೆಯ ತಪ್ಪು ಹಿರಿಯರಿಂದಲೂ ಆಗುವದೆಂಬದನ್ನು ನಾವು ಸತ್ಯವೇದದಲ್ಲಿ ಹನ್ನಳ ಚರಿತ್ರೆಯಿಂದ ಬಲ್ಲೆವು. ಶೀಲೋವಿನ ಆಲಯದಲ್ಲಿ ಆಕೆಯು ಮನೋವ್ಯಥೆಯಿಂದ ತುಟಿಗಳನ್ನು ಮಾತ್ರ ಅಲ್ಲಾಡಿಸುತ್ತಾ ಶಬ್ದವಿಲ್ಲದೆ ಪ್ರಾರ್ಥಿಸುತ್ತಿರುವಾಗ, ಯಾಜಕನಾದ ಏಲಿಯು ಬಾಗಿಲ ಬಳಿಯಲ್ಲಿ ಕೂತು ಆಕೆಯ ಬಾಯನ್ನೇ ನೋಡಿ, ಈಕೆಯು ಕುಡಿದಿದ್ದಾಳೆಂದು ತೀರ್ಮಾನಿಸಿದನು. ಏಲಿಯು ದುಷ್ಟನಾಗಿರಲಿಲ್ಲ. ಹೊರಗಿನದನ್ನು ಕಂಡನು, ತನಗೆ ಗೊತ್ತಿದ್ದ ಹೆಸರನ್ನು ಅದಕ್ಕೆ ಕೊಟ್ಟನು. ಆದರೆ ಆತನಲ್ಲಿ ಒಂದು ದೊಡ್ಡ ಗುಣವಿತ್ತು: ಆಕೆಯು ಬಾಯಿಬಿಟ್ಟು ಉತ್ತರ ಕೊಟ್ಟಾಗ ಕೇಳಿದನು, ಕೇಳಿದ ಮೇಲೆ ತನ್ನ ತೀರ್ಮಾನವನ್ನು ಬಿಟ್ಟುಕೊಟ್ಟನು. ತಪ್ಪಾಗಿ ಅಳೆಯುವದು ಮನುಷ್ಯ ಸಹಜ. ಕೇಳಿಯೂ ತಿದ್ದಿಕೊಳ್ಳದಿರುವದು ಪಾಪ.

ವಿದ್ಯಾವಂತ ಡಾಕ್ಟರರ ನಡುವೆ ಹೀಗಾಗುವದಿಲ್ಲವೆಂದು ಯಾರಾದರೂ ಹೇಳಿದರೆ, ಲಂಡನಿನಲ್ಲಿಯೂ ನ್ಯೂಯಾರ್ಕಿನಲ್ಲಿಯೂ ನಡೆದ ಒಂದು ಪರೀಕ್ಷೆಯನ್ನು ತಿಳಿಸಬೇಕಾಗಿದೆ. ಎರಡು ಪಟ್ಟಣಗಳ ಡಾಕ್ಟರರೂ ಇಂಗ್ಲಿಷ್ ಆಡುವವರೇ, ಹೆಚ್ಚು ಕಡಿಮೆ ಒಂದೇ ಬಗೆಯ ಪುಸ್ತಕ ಓದಿದವರೇ. ಹಾಗಾದರೂ ನ್ಯೂಯಾರ್ಕಿನ ಆಸ್ಪತ್ರೆಗಳಲ್ಲಿ ಸ್ಕಿಜೋಫ್ರೀನಿಯ ಎಂಬ ದೊಡ್ಡ ಮನೋರೋಗವು ಲಂಡನಿಗಿಂತ ಬಹಳ ಹೆಚ್ಚಾಗಿ ಲೆಕ್ಕಕ್ಕೆ ಬರುತ್ತಿತ್ತು. ಎರಡೂ ಕಡೆಯ ರೋಗಿಗಳನ್ನು ಒಂದೇ ಪ್ರಶ್ನಾವಳಿಯಿಂದ ವಿಚಾರಿಸಿದಾಗ ಅಂತರವು ಬಹುಮಟ್ಟಿಗೆ ಕರಗಿಹೋಯಿತು. ಭೇದವು ಹೆಚ್ಚಾಗಿ ರೋಗಿಗಳಲ್ಲಿ ಅಲ್ಲ, ಹೆಸರಿಡುವ ಡಾಕ್ಟರರ ಅಭ್ಯಾಸದಲ್ಲಿತ್ತೆಂದು ೧೯೭೨ರಲ್ಲಿ ಪ್ರಕಟವಾದ ಆ ಗ್ರಂಥವು ತೋರಿಸಿತು. ಆದಕಾರಣ ಅಳೆಯುವವನಿಗೂ ಒಂದು ಊರುಂಟು, ಒಂದು ಪದ್ಧತಿಯುಂಟು.

ಇದನ್ನು ಕೇಳಿ ಕೆಲವರು ಬೇರೊಂದು ಅತಿರೇಕಕ್ಕೆ ಹೋಗುವರು. ಹಾಗಾದರೆ ಪ್ರತಿಯೊಂದು ಜನಾಂಗಕ್ಕೂ ಅದರದೇ ಅಳತೆ ಸಾಕು. ಒಂದು ಊರಿನಲ್ಲಿ ರೋಗವಾದದ್ದು ಇನ್ನೊಂದು ಊರಿನಲ್ಲಿ ಪದ್ಧತಿಯಾಗಿರಬಹುದು. ಹೊರಗಿನವರು ಬಾಯಿ ಹಾಕಬಾರದು, ಎನ್ನುವರು. ಕೇಳುವದಕ್ಕೆ ಇದು ಮರ್ಯಾದೆಯ ಮಾತು. ಆದರೆ ನಿಜವೋ? ವಿಶ್ವ ಆರೋಗ್ಯ ಸಂಸ್ಥೆಯವರು ೧೯೬೦ರ ದಶಕದ ಕೊನೆಯಲ್ಲಿ ಒಂಬತ್ತು ದೇಶಗಳಲ್ಲಿ, ನಮ್ಮ ದೇಶದ ಆಗ್ರಾ ನಗರವನ್ನೂ ಸೇರಿಸಿಕೊಂಡು, ಒಂದೇ ಬಗೆಯ ವಿಚಾರಣೆಯನ್ನು ನಡಿಸಿದಾಗ, ಮೇಲೆ ಹೇಳಿದ ದೊಡ್ಡ ರೋಗದ ಲಕ್ಷಣಗಳು ಒಂಬತ್ತೂ ಕಡೆಗಳಲ್ಲಿ ಗುರುತು ಹಿಡಿಯುವಂತೆ ಕಂಡುಬಂದವು. ಅಂದರೆ ಹೆಸರು ಬೇರೆ, ಕಾರಣವೆಂದು ಜನರು ಹೇಳುವದು ಬೇರೆ, ಆದರೆ ನೋವು ಎಲ್ಲೆಲ್ಲಿಯೂ ಉಂಟು.

ಈ ಎರಡು ಅಭಿಪ್ರಾಯಗಳ ನಡುವಣ ದಾರಿಯನ್ನು ಕಾಣಿಸಿದ ಒಂದು ಕೆಲಸವು ನಮ್ಮ ಕನ್ನಡ ನಾಡಿನಲ್ಲಿಯೇ ನಡೆಯಿತು. ಉಡುಪಿಯ ಉತ್ತರಕ್ಕೆ ಸಮುದ್ರ ತೀರದಲ್ಲಿ ಕೋಟ ಎಂಬ ಊರಿದೆ. ಭಾರತದಲ್ಲಿ ಮಿಶನರಿಗಳ ಮಗನಾಗಿ ಹುಟ್ಟಿ ಎಡಿನ್‌ಬರೋದಲ್ಲಿ ಮನೋವೈದ್ಯ ಶಾಸ್ತ್ರದ ಅಧ್ಯಾಪಕರಾದ ಮಾರಿಸ್ ಕಾರ್‌ಸ್ಟೇರ್ಸ್ ಎಂಬವರೂ, ಮುಂದೆ ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಹೆಸರುಗೊಂಡ ಆರ್. ಎಲ್. ಕಪೂರ್ ಎಂಬವರೂ ಅಲ್ಲಿ ಮಾಡಿದ ವಿಚಾರಣೆಯು ೧೯೭೬ರಲ್ಲಿ ಗ್ರಂಥವಾಗಿ ಹೊರಬಿತ್ತು. ಅವರು ಬ್ರಾಹ್ಮಣರು, ಬಂಟರು, ಮೀನುಗಾರರಾದ ಮೊಗವೀರರು ಎಂಬ ಮೂರು ಸಮುದಾಯಗಳ ಮನೆಗಳಿಗೆ ಹೋದರು. ಪಶ್ಚಿಮ ದೇಶದ ಪ್ರಶ್ನಾವಳಿಯನ್ನು ತಂದು ಕನ್ನಡಕ್ಕೆ ತಿರುಗಿಸಿದರೆ ಸಾಲದೆಂದು ಅವರಿಗೆ ತಿಳಿದಿತ್ತು. ಆದಕಾರಣ ನಮ್ಮ ದೇಶದ ಜನರು ಸಂಕಟವನ್ನು ಹೇಳಿಕೊಳ್ಳುವ ರೀತಿಗೆ ಹೊಂದುವ ಹೊಸ ಪ್ರಶ್ನಾವಳಿಯನ್ನು ಸಿದ್ಧಪಡಿಸಿದರು. ಮೈಯ ನೋವುಗಳನ್ನೂ ಮೈಮೇಲೆ ಬರುವದನ್ನೂ ಅದರಲ್ಲಿ ವಿಚಾರಿಸಿದರು. ವೈದ್ಯನು, ಮಂತ್ರವಾದಿಯು, ದೈವದ ಪಾತ್ರಿಯು ಎಂಬ ಮೂರು ಬಗೆಯವರ ಬಳಿಗೆ ಜನರು ಹೋಗುವದನ್ನು ಅವರು ಕಂಡರು. ಮತ್ತೂ ಒಂದನ್ನು ಕಂಡರು: ಒಬ್ಬನೇ ಮನುಷ್ಯನು ಬೆಳಿಗ್ಗೆ ಡಾಕ್ಟರನ ಬಳಿಗೂ ಸಂಜೆಗೆ ಪಾತ್ರಿಯ ಬಳಿಗೂ ಹೋಗಬಹುದು, ಇದರಲ್ಲಿ ವಿರೋಧವಿದೆಯೆಂದು ಅವನಿಗೆ ತೋರುವದೇ ಇಲ್ಲ.

ಮೈಮೇಲೆ ಬರುವ ವಿಷಯದಲ್ಲಿ ನಮ್ಮ ಸಭೆಗಳವರಿಗೆ ಒಂದು ನಿಶ್ಚಿತವಾದ ಅಭಿಪ್ರಾಯವುಂಟು. ಅದರ ಚರ್ಚೆ ಇಲ್ಲಿ ಬೇಡ. ಆದರೆ ಅದು ರೋಗವೋ ಎಂದು ಕೇಳಿದರೆ ನ್ಯಾಯವಾಗಿ ಉತ್ತರ ಕೊಡಬೇಕು. ನೆರೆಮನೆಯ ಹೆಂಗಸೊಬ್ಬಳು ವರುಷಕ್ಕೊಮ್ಮೆ ಜಾತ್ರೆಯ ದಿನ, ತನ್ನವರೆಲ್ಲರ ನಡುವೆ, ಅರ್ಧ ತಾಸು ಮೈದುಂಬಿ, ತರುವಾಯ ಮನೆಗೆ ಬಂದು ರೊಟ್ಟಿ ಬಡಿದು ಮಕ್ಕಳಿಗೆ ಉಣಿಸಿ ಮಲಗಿದರೆ, ಅವಳ ಜನರಲ್ಲಿ ಅದು ರೋಗವೆಂದು ಯಾರೂ ಎಣಿಸರು, ಡಾಕ್ಟರನೂ ಎಣಿಸಬಾರದು. ಇನ್ನೊಬ್ಬಳು ಹೊತ್ತುಗೊತ್ತಿಲ್ಲದೆ ಬೀಳುವಳು, ಅನ್ನ ಬಿಟ್ಟಿದ್ದಾಳೆ, ರಾತ್ರಿಯೆಲ್ಲಾ ಅಳುವಳು, ಮಗುವನ್ನು ಎತ್ತಿಕೊಳ್ಳಲೊಲ್ಲಳು. ಊರವರು ಈಕೆಗೂ ಅದೇ ಹೆಸರನ್ನು ಕೊಡುವರು. ಹೆಸರು ಒಂದೇ, ಸಂಗತಿ ಬೇರೆ. ಈ ಭೇದವನ್ನು ಹೊರಗಿನವನು ತಾನೇ ತಿಳಿಯಲಾರನು. ಅವಳ ಅತ್ತೆಯನ್ನೂ ಅಕ್ಕಂದಿರನ್ನೂ ಕೇಳಿದರೆ, "ಇದು ಯಾವಾಗಿನ ಹಂಗಲ್ರಿ" ಎಂದು ಅವರೇ ಹೇಳುವರು.

ಬಾಣಂತಿ ಸನ್ನಿ ಎಂಬದು ಇದಕ್ಕೆ ಒಳ್ಳೇ ನಿದರ್ಶನವಾಗಿದೆ. ಹೆರಿಗೆಯಾದ ಮೊದಲ ಒಂದೆರಡು ವಾರಗಳಲ್ಲಿ ತಾಯಿಗೆ ನಿದ್ದೆ ಹಾರಿ, ಮಾತು ತಪ್ಪಿ, ಮಗು ತನ್ನದಲ್ಲವೆಂದೋ ತನ್ನನ್ನು ಕೊಲ್ಲುತ್ತಾರೆಂದೋ ಭ್ರಮಿಸುವ ರೋಗವು ಲೋಕದ ಎಲ್ಲಾ ದೇಶಗಳಲ್ಲಿಯೂ ಉಂಟು. ನಮ್ಮ ಅಜ್ಜಿಯರು ಅದನ್ನು ಗುರುತಿಸಿ ಹೆಸರಿಟ್ಟಿದ್ದಾರೆ. ಥಂಡಿ ಗಾಳಿಯಿಂದ ಬಂತೆಂದು ಅವರು ಹೇಳುವ ಕಾರಣವು ಸರಿಯಲ್ಲದಿರಬಹುದು. ಆದರೆ ಇದು ಎಂದಿನ ದಣಿವಲ್ಲ, ತಡಮಾಡಿದರೆ ತಾಯಿಗೂ ಕೂಸಿಗೂ ಅಪಾಯ, ಎಂಬ ಅವರ ಕಣ್ಣು ಸರಿಯಾಗಿದೆ. ಆ ದಿನವೇ ಆಸ್ಪತ್ರೆಗೆ ಒಯ್ದರೆ ಬಹು ಮಂದಿ ಪೂರ್ಣವಾಗಿ ಗುಣಹೊಂದುವರು. ಊರಿನ ಮಾತನ್ನು ಬಲ್ಲ ಡಾಕ್ಟರನು ಆ ಎರಡು ಶಬ್ದಗಳಿಂದಲೇ ಅರ್ಧ ಸಂಗತಿಯನ್ನು ತಿಳಿದುಕೊಳ್ಳುವನು. ಬಲ್ಲದವನು ಅದನ್ನು ಮೂಢರ ಮಾತೆಂದು ತಳ್ಳಿ ಹೊತ್ತು ಕಳೆಯುವನು.

ನಮ್ಮವರು ಮನಸ್ಸಿನ ಸಂಕಟವನ್ನು ಮೈಯ ಮಾತಿನಲ್ಲಿ ಹೇಳುವದನ್ನು ಸಹ ಇಲ್ಲಿ ಯೋಚಿಸತಕ್ಕದ್ದು. "ಎದಿ ಧಸ್ಸ್ ಅಂತೈತ್ರಿ, ತಲಿಯೊಳಗ ಜುಮುಜುಮು ಅಂತೈತಿ, ಕೈಕಾಲಾಗ ಕಸುವಿಲ್ಲ, ಉಂಡದ್ದು ಸೇರವಲ್ದು" ಎಂದು ಹೇಳುವವನಿಗೆ ಶಕ್ತಿಯ ಸೂಜಿ ಚುಚ್ಚಿ, ತಲೆನೋವಿನ ಗುಳಿಗೆ ಕೊಟ್ಟು ಕಳಿಸುವದು ಎಷ್ಟೋ ಕಡೆ ನಡೆಯುತ್ತದೆ. ಇವರಿಗೆ ಮನಸ್ಸಿನ ಭಾಷೆಯೇ ತಿಳಿಯದೆಂದು ಕೆಲವು ಓದಿದವರು ಹೇಳಿದ್ದುಂಟು. ಆದರೆ ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಡಾಕ್ಟರ್ ರಘುರಾಮ್ ಮೊದಲಾದವರು ಖಿನ್ನತೆಯ ರೋಗಿಗಳನ್ನು ವಿಚಾರಿಸಿ ೧೯೯೬ರಲ್ಲಿ ಪ್ರಕಟಿಸಿದ ಬರಹವು ಬೇರೆ ಸಂಗತಿಯನ್ನು ತೋರಿಸಿತು. ದುಃಖವೇ ಮೊದಲಾದ ಮನಸ್ಸಿನ ಲಕ್ಷಣಗಳು ಹೆಚ್ಚಾದಲ್ಲಿ ಜನರ ಮುಂದೆ ತಲೆತಗ್ಗಿಸಬೇಕಾದೀತೆಂಬ ಭಾವವೂ ಹೆಚ್ಚಾಗಿತ್ತು. ಮೈಯ ಲಕ್ಷಣಗಳು ಹೆಚ್ಚಾದಲ್ಲಿ ಅದು ಕಡಿಮೆಯಾಗಿತ್ತು. ಇದರಿಂದ ನಾವು ತಿಳಿಯುವದೇನು? ಎದೆಬೇನೆಯೆಂದರೆ ನೆರೆಯವರು ನೋಡಲು ಬರುವರು. ಮನಸ್ಸಿನ ಬೇನೆಯೆಂದರೆ ಮಗಳ ಲಗ್ನವು ತಪ್ಪುವದು. ಹೀಗಿರುವಲ್ಲಿ ತಾಯಿಯಾದವಳು ಎದೆಬೇನೆ ಎಂದು ಹೇಳಿದರೆ ಅದು ಅಜ್ಞಾನವಲ್ಲ, ಮನೆಯ ಮಾನವನ್ನು ಕಾಯುವ ಬುದ್ಧಿ. ಎದೆಯ ಬೇನೆಯನ್ನು ಮೊದಲು ಸರಿಯಾಗಿ ಪರೀಕ್ಷಿಸಿ, ಆಮೇಲೆ ಮೆಲ್ಲಗೆ, ಈ ಬೇನೆ ಎಂದಿನಿಂದ, ಆಗ ಮನೆಯಲ್ಲಿ ಏನು ನಡೆದಿತ್ತು, ಎಂದು ಕೇಳುವ ಡಾಕ್ಟರನೇ ಆಕೆಯನ್ನು ನಿಜವಾಗಿ ಅಳೆದವನು.

ಈ ಕಾರಣದಿಂದಲೇ, ಅಮೇರಿಕೆಯ ಮನೋವೈದ್ಯರು ೨೦೧೩ರ ತಮ್ಮ ಕೈಪಿಡಿಯಲ್ಲಿ, ರೋಗಿಯ ಪದ್ಧತಿಯನ್ನು ತಿಳಿಯುವದಕ್ಕಾಗಿಯೇ ಹದಿನಾರು ಪ್ರಶ್ನೆಗಳನ್ನು ಸೇರಿಸಿದರು. ಅವುಗಳ ಸಾರವು ನಮ್ಮ ಹಿರಿಯರು ಕಟ್ಟೆಯ ಮೇಲೆ ಕೂತು ಕೇಳುವಂಥದ್ದೇ: ನಿಮ್ಮ ತೊಂದರೆಗೆ ನೀವು ಏನೆನ್ನುತ್ತೀರಿ? ನಿಮ್ಮ ಮನೆಯವರು ಏನೆನ್ನುತ್ತಾರೆ? ಅದು ಯಾಕೆ ಬಂತೆಂದು ನಿಮಗೆ ತೋರುತ್ತದೆ? ಈವರೆಗೆ ಯಾರ ಬಳಿಗೆ ಹೋದಿರಿ, ಯಾವದರಿಂದ ಹಗುರಾಯಿತು? ದೊಡ್ಡ ಶಾಸ್ತ್ರವು ಬಹು ದೂರ ಸುತ್ತಿಬಂದು, ಕೇಳುವದನ್ನು ಕಲಿತುಕೊಂಡಿತು.

ಇನ್ನು ಎರಡನೆಯ ತಪ್ಪನ್ನು ಕುರಿತು ಹೇಳಬೇಕಾಗಿದೆ. ಅದು ಮೊದಲನೆಯದಕ್ಕಿಂತ ಘೋರವಾಗಿರಬಹುದು. ಪದ್ಧತಿಯೆಂಬ ಪರದೆಯ ಹಿಂದೆ ರೋಗಿಯನ್ನು ಮರೆಮಾಡುವದೇ ಅದು. ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಏರ್ವಾಡಿಯಲ್ಲಿ, ಒಂದು ದರ್ಗಾದ ಆಶ್ರಯಕ್ಕೆ ಬಂದ ಮನೋರೋಗಿಗಳನ್ನು ಖಾಸಗಿ ಗುಡಿಸಲುಗಳಲ್ಲಿ ಸರಪಳಿಯಿಂದ ಕಟ್ಟಿ ಇಡುತ್ತಿದ್ದರು. ೨೦೦೧ನೆಯ ಆಗಸ್ಟ್ ೬ರಂದು ಬೆಳಗಿನ ಜಾವ ಅಂಥ ಒಂದು ಗುಡಿಸಲಿಗೆ ಬೆಂಕಿ ಬಿದ್ದಾಗ, ಓಡಲಾರದೆ ಸುಮಾರು ಇಪ್ಪತ್ತೆಂಟು ಮಂದಿ ಪ್ರಾಣ ಕಳೆದುಕೊಂಡರು. ಕಟ್ಟಿದವರೂ, ಕರೆತಂದ ಬಂಧುಗಳೂ ಕ್ರೂರರೆಂದು ಹೇಳಲಾಗದು. ಮೊದಲಿನಿಂದ ಹೀಗೆಯೇ ನಡೆದು ಬಂದಿದೆ ಎಂಬದೇ ಅವರಿಗೆ ಸಾಕಾಗಿತ್ತು.

ಆದರೆ ಇದರಿಂದ, ಗುಡಿ ದರ್ಗಾಗಳಲ್ಲಿ ರೋಗಿಗೆ ಏನೂ ಸಿಕ್ಕುವದಿಲ್ಲ ಎಂದು ತೀರ್ಮಾನಿಸಿದರೆ ಅದೂ ಸತ್ಯವಾಗದು. ಅದೇ ತಮಿಳುನಾಡಿನ ಒಂದು ಗುಡಿಯಲ್ಲಿ ವಾಸಕ್ಕೆ ಬಂದ ೩೧ ಮಂದಿ ಮನೋರೋಗಿಗಳನ್ನು ನಿಮ್ಹಾನ್ಸಿನ ಡಾಕ್ಟರರು ಪರೀಕ್ಷಿಸಿ ೨೦೦೨ರಲ್ಲಿ ವರದಿ ಮಾಡಿದರು. ಅಲ್ಲಿ ಔಷಧವಿರಲಿಲ್ಲ, ವಿಶೇಷವಾದ ಮಂತ್ರತಂತ್ರವೂ ಇರಲಿಲ್ಲ. ರೋಗಿಯ ಸಂಗಡ ಒಬ್ಬ ಬಂಧುವು ಇರುತ್ತಿದ್ದನು, ಗಿಡಗಳಿಗೆ ನೀರು ಹಾಕುವಂಥ ಚಿಕ್ಕ ಕೆಲಸವಿತ್ತು, ಎಲ್ಲರೂ ಅವರನ್ನು ಮನುಷ್ಯರಾಗಿ ಕಾಣುತ್ತಿದ್ದರು. ಕೆಲವು ವಾರಗಳಲ್ಲಿ ಅವರ ಲಕ್ಷಣಗಳು ಸುಮಾರು ಐದರಲ್ಲಿ ಒಂದು ಪಾಲು ಇಳಿದವು. ಔಷಧವು ಬೇಡವೆಂದು ಇದರ ಅರ್ಥವಲ್ಲ; ಉಳಿದ ನಾಲ್ಕು ಪಾಲು ಉಳಿದೇ ಇತ್ತು. ಆದರೆ ಬಂಧುವಿನ ಸಂಗಡ, ಕೈಗೊಂದು ಕೆಲಸ, ಹೀನೈಸದ ನೋಟ, ಇವು ಯಾವ ಮತದ ಸ್ವತ್ತೂ ಅಲ್ಲ. ಏರ್ವಾಡಿಯ ಗುಡಿಸಲಿನಲ್ಲಿ ಕೊಂದದ್ದು ಸರಪಳಿ. ಈ ಗುಡಿಯಲ್ಲಿ ಸಂತೈಸಿದ್ದು ದಯೆ.

ನಮ್ಮ ಸಭೆಗಳವರಾದ ನಾವು ಇಲ್ಲಿ ನಮ್ಮನ್ನೇ ಶೋಧಿಸಿಕೊಳ್ಳಬೇಕು. ಗಾಳಿ ಸೋಕಿತೆಂದೋ ಮಾಟ ಮಾಡಿದರೆಂದೋ ಹೇಳುವ ನೆರೆಯವನನ್ನು ನೋಡಿ ನಾವು ನಗುತ್ತೇವೆ. ಆದರೆ ನಮ್ಮಲ್ಲಿ ಒಬ್ಬ ಸಹೋದರನು ತಿಂಗಳುಗಟ್ಟಲೆ ಮಂಕಾಗಿ ಕೂತು ಕೂಟಕ್ಕೆ ಬರದಿದ್ದರೆ, ಅವನ ವಿಶ್ವಾಸವು ತಣ್ಣಗಾಯಿತು, ಮರೆಮಾಡಿದ ಪಾಪವೇನೋ ಇರಬೇಕು, ಎಂದು ನಾವು ಹೇಳುವದಿಲ್ಲವೋ? ಇದು ಸಹ ಏಲಿಯ ತಪ್ಪೇ. ಬಟ್ಟೆ ಮಾತ್ರ ಬೇರೆ. ಮೊದಲೇ ತಾನು ಯಾತಕ್ಕೂ ಬಾರದವನೆಂದು ತನ್ನನ್ನು ಹಳಿದುಕೊಳ್ಳುತ್ತಿರುವ ರೋಗಿಯ ಮೇಲೆ ನಾವು ಇನ್ನೊಂದು ಹೊರೆಯನ್ನು ಹೊರಿಸುತ್ತೇವೆ. ಖಿನ್ನತೆಯ ಒಂದು ಲಕ್ಷಣವೇ ಕಾರಣವಿಲ್ಲದ ಅಪರಾಧಭಾವವಾಗಿದೆ. ಅದಕ್ಕೆ ನಾವು ಸಾಕ್ಷಿ ಹೇಳಿ ಸಹಿ ಹಾಕಿದಂತಾಗುವದು.

ಇನ್ನೊಂದು ಕಾರಣದಿಂದಲೂ ನಾವು ಈ ವಿಷಯದಲ್ಲಿ ಎಚ್ಚರವಾಗಿರತಕ್ಕದ್ದು. ಬೆಟಗೇರಿಯಲ್ಲಿ ೧೮೪೧ರಲ್ಲಿ ಬಾಸೆಲ್ ಮಿಶನ್ನಿನ ಠಾಣ್ಯವು ಸ್ಥಾಪಿತವಾಯಿತು. ತಂದೆತಾತಂದಿರ ಮತವನ್ನು ಬಿಟ್ಟವನಿಗೆ ತಲೆ ತಿರುಗಿತೆಂದು ಬಂಧುಗಳು ಹೇಳುವದು ಲೋಕದಲ್ಲಿ ಹಳೇ ಮಾತು. ಪೌಲನ ಪ್ರತಿವಾದವನ್ನು ಕೇಳಿ ರೋಮದ ಅಧಿಪತಿಯಾದ ಫೆಸ್ತನು ಹೇಳಿದ್ದೂ ಅದೇ ಅಲ್ಲವೋ? ಹಾಗಾದರೆ ಬಹುಮಂದಿಯಂತೆ ನಡೆಯದಿರುವದು ರೋಗವಲ್ಲವೆಂಬ ನಿಯಮದಿಂದ ಹೆಚ್ಚು ಕಾಪಾಡಲ್ಪಡುವವರು ನಮ್ಮಂಥ ಕೊಂಚ ಮಂದಿಯೇ. ನಮ್ಮ ದೇಶದ ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯು ಇದನ್ನು ತನ್ನ ೩ನೆಯ ಕಲಮಿನಲ್ಲಿ ಸ್ಪಷ್ಟವಾಗಿ ಬರೆದಿದೆ. ಒಬ್ಬನ ಬಡತನ, ಕುಲ, ಮತಗಳ ನಿಮಿತ್ತವಾಗಿ ಅವನನ್ನು ಮನೋರೋಗಿಯೆಂದು ತೀರ್ಮಾನಿಸಕೂಡದು. ತನ್ನ ಸಮುದಾಯದ ನೀತಿ, ಪದ್ಧತಿ, ಧರ್ಮವಿಶ್ವಾಸಗಳಿಗೆ ಹೊಂದದೆ ನಡೆದನೆಂಬ ನಿಮಿತ್ತವೂ ಸಲ್ಲದು. ಅಂಗೀಕೃತವಾದ ವೈದ್ಯಶಾಸ್ತ್ರದ ಮೇರೆಗೆ ಮಾತ್ರ ತೀರ್ಮಾನಿಸಬೇಕು. ಅದೇ ಕಾಯಿದೆಯ ೯೫ನೆಯ ಕಲಮು ಮನೋರೋಗಿಯನ್ನು ಯಾವ ರೀತಿಯಲ್ಲಿಯೂ ಸರಪಳಿಯಿಂದ ಕಟ್ಟಬಾರದೆಂದು ನಿಷೇಧಿಸುತ್ತದೆ. ಒಂದು ಕಲಮು ಮೊದಲನೆಯ ತಪ್ಪಿಗೆ, ಇನ್ನೊಂದು ಎರಡನೆಯ ತಪ್ಪಿಗೆ ಬೇಲಿ ಹಾಕಿದೆ. ನಮ್ಮನ್ನು ಯಾವ ಅಳತೆಯಿಂದ ಅಳೆಯಬಾರದೆಂದು ನಾವು ಕೇಳಿಕೊಳ್ಳುತ್ತೇವೋ, ಶಿರಹಟ್ಟಿಯ ಮಠಕ್ಕೆ ಹರಕೆ ಹೊತ್ತು ನಡೆಯುವವನನ್ನೂ ಲಕ್ಷ್ಮೇಶ್ವರದ ದರ್ಗಾದಲ್ಲಿ ಕೂತಿರುವವಳನ್ನೂ ಆ ಅಳತೆಯಿಂದ ನಾವು ಅಳೆಯದಿರುವದು ನ್ಯಾಯ.

ಹಾಗಾದರೆ ಹಳ್ಳಿಯವರಾದ ನಾವು ಮಾಡತಕ್ಕದ್ದೇನು? ರೋಗದ ಹೆಸರನ್ನು ತೀರ್ಮಾನಿಸುವದು ನಮ್ಮ ಕೆಲಸವಲ್ಲ. ಆದರೆ ಡಾಕ್ಟರನ ಬಳಿಗೆ ಕರೆದುಕೊಂಡು ಹೋಗಬೇಕೋ ಎಂದು ತಿಳಿಯುವದು ನಮ್ಮದೇ. ಅದಕ್ಕೆ ನಾಲ್ಕು ಪ್ರಶ್ನೆಗಳು ಸಾಕು. ಮೊದಲನೆಯದು, ಈತನು ತನ್ನ ಮೊದಲಿನ ಸ್ವಭಾವದಿಂದ ಬದಲಾಗಿದ್ದಾನೋ? ಊರಿನ ಬೇರೆಯವರ ಸಂಗಡ ಹೋಲಿಸಬೇಡಿರಿ, ಅವನನ್ನು ಅವನ ಸಂಗಡಲೇ ಹೋಲಿಸಿರಿ; ಮೊದಲಿನಿಂದಲೂ ಮಾತು ಕಡಿಮೆಯಾದವನು ರೋಗಿಯಲ್ಲ, ನಗುತ್ತಿದ್ದವನು ಮೌನಿಯಾದರೆ ವಿಚಾರಿಸಬೇಕು. ಎರಡನೆಯದು, ನಿತ್ಯದ ಕೆಲಸ ನಡೆಯುತ್ತಿದೆಯೋ? ನೇಕಾರನ ಮಗ್ಗ ನಿಂತಿತೋ, ಒಕ್ಕಲಿಗನು ಹದ ಬಂದರೂ ಹೊಲಕ್ಕೆ ಹೋಗಲೊಲ್ಲನೋ, ನಿದ್ದೆ ಊಟ ಬಿಟ್ಟಿದ್ದಾನೋ? ಮೂರನೆಯದು, ಅವನ ಸ್ವಂತ ಜನರು ಇದನ್ನು ಎಂದಿನದೆಂದು ಎಣಿಸುತ್ತಾರೋ, ಇಲ್ಲವೆ ಅವರಿಗೂ ಭಯ ಹುಟ್ಟಿದೆಯೋ? ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದದ್ದು: ಅವನು ತಾನೇ ಏನು ಹೇಳುತ್ತಾನೆ? ಅದನ್ನು ಅವನ ಭಾಷೆಯಲ್ಲಿ, ಸಾಧ್ಯವಿದ್ದರೆ ಅವನೊಬ್ಬನೇ ಇರುವಾಗ, ಮಧ್ಯದಲ್ಲಿ ಬಾಯಿ ಹಾಕದೆ ಕೇಳಿರಿ. ಡಾಕ್ಟರನ ಮುಂದೆ ಅವನ ಮಾತನ್ನು ಅವನು ಹೇಳಿದ ಹಾಗೆಯೇ ತಿಳಿಸಿರಿ. ಅವನ ಮಾತನ್ನು ಬಲ್ಲ ದೊಡ್ಡವರೊಬ್ಬರನ್ನು ಸಂಗಡ ಕರಕೊಂಡು ಹೋಗಿರಿ, ಚಿಕ್ಕ ಮಕ್ಕಳನ್ನು ದುಭಾಷಿಗಳಾಗಿ ಮಾಡಬೇಡಿರಿ.

ಆದರೆ ಒಂದು ಸಂಗತಿಯಲ್ಲಿ ಪ್ರಶ್ನೆಗಳಿಗಾಗಿ ಕಾಯಬಾರದು. ಬದುಕಿದ್ದು ಏನು ಮಾಡುವದೆಂದು ಒಬ್ಬನು ಆಡಿಕೊಳ್ಳುತ್ತಿದ್ದರೆ, ಅದನ್ನು ಹಗುರಾದ ಮಾತೆಂದು ಬಿಡದೆ ಅವನ ಬಳಿಯಲ್ಲಿಯೇ ಇರಿ. ಬೆಳೆಗೆ ಹೊಡೆಯುವ ಎಣ್ಣೆಯ ಡಬ್ಬಿಯನ್ನು ಆ ಮನೆಯಿಂದ ದೂರ ಒಯ್ದಿಡಿರಿ. ಆ ದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿರಿ. ಹಗಲಿರುಳು ಕನ್ನಡದಲ್ಲಿಯೂ ಮಾತಾಡಬಹುದಾದ ಸರಕಾರದ ಟೆಲಿ ಮಾನಸ್ ಎಂಬ ಸಹಾಯವಾಣಿಯು ೨೦೨೨ನೆಯ ಅಕ್ಟೋಬರ್ ೧೦ರಂದು ಆರಂಭವಾಗಿದೆ. ಅದರ ಸಂಖ್ಯೆಯು ೧೪೪೧೬.

ಮೊದಲು ಅಂಥವರಿಗೆ ಧಾರವಾಡವೊಂದೇ ಗತಿಯಾಗಿತ್ತು. ಅಲ್ಲಿ ೧೮೪೫ರಲ್ಲಿ ಸ್ಥಾಪಿತವಾದ ಹುಚ್ಚರ ಆಸ್ಪತ್ರೆಯು ನಮ್ಮ ಸೀಮೆಯ ಮಾತಿನಲ್ಲಿ ಎಷ್ಟು ಬೇರೂರಿತೆಂದರೆ, ಇವನನ್ನು ಧಾರವಾಡಕ್ಕೆ ಕಳಿಸಬೇಕು ಎಂಬದೇ ಒಂದು ಬೈಗಳಾಯಿತು. ಆ ಆಸ್ಪತ್ರೆಯು ಈಗ ಡಿಮ್ಹಾನ್ಸ್ ಎಂಬ ಹೆಸರಿನ ವಿದ್ಯಾಸಂಸ್ಥೆಯಾಗಿದೆ. ಪರವೂರಿನ ಗೋಡೆಗಳೊಳಗೆ ಕಳಿಸುವದಕ್ಕಿಂತ ರೋಗಿಯ ಊರ ಹತ್ತಿರಕ್ಕೆ ವೈದ್ಯವನ್ನು ತರುವದು ಲೇಸೆಂದು ತೋರಿಸಿದ ಪ್ರಯೋಗವು ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ ೧೯೮೦ರ ದಶಕದಲ್ಲಿ ನಡೆಯಿತು. ಅದನ್ನು ಮಾದರಿಯಾಗಿಟ್ಟುಕೊಂಡು ೧೯೯೬ರಿಂದ ದೇಶದಲ್ಲೆಲ್ಲಾ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಹರಡಿತು. ೨೦೧೪ರಲ್ಲಿ ನಮ್ಮ ರಾಜ್ಯದವರು ಮನೋಚೈತನ್ಯ ಎಂಬ ಹೆಸರಿನಿಂದ ಮಂಗಳವಾರಗಳಲ್ಲಿ ಮನೋವ��ದ್ಯರನ್ನು ತಾಲೂಕು ಆಸ್ಪತ್ರೆಗಳಿಗೆ ಕಳಿಸುವ ಏರ್ಪಾಡನ್ನು ಆರಂಭಿಸಿದರು. ಗದಗಿನ ಹತ್ತಿರ ಮಲ್ಲಸಮುದ್ರದಲ್ಲಿ ಸರಕಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯುಂಟು. ಆದಕಾರಣ ದಾರಿಯಿಲ್ಲವೆಂದು ಈಗ ಯಾರೂ ಹೇಳುವ ಹಾಗಿಲ್ಲ.

ಪ್ರಿಯ ವಾಚಕರೇ, ಮೊದಲಿನ ಪ್ರಶ್ನೆಗೆ ತಿರುಗೋಣ. ಬುದ್ಧಿ ಕೆಟ್ಟಿತೆಂದು ಹೇಳತಕ್ಕವರು ಯಾರು? ಒಬ್ಬನೇ ಹೇಳತಕ್ಕದ್ದಲ್ಲ. ಶಾಸ್ತ್ರವನ್ನು ಬಲ್ಲ ಡಾಕ್ಟರನಿಗೆ ಊರು ಗೊತ್ತಿಲ್ಲ, ಊರನ್ನು ಬಲ್ಲ ನಮಗೆ ಶಾಸ್ತ್ರ ಗೊತ್ತಿಲ್ಲ, ಈ ಇಬ್ಬರಿಗೂ ತಿಳಿಯದ ಒಂದು ಸಂಗತಿಯನ್ನು ನೋವುಂಡವನು ಮಾತ್ರ ಬಲ್ಲನು. ಮೂವರೂ ಕೂತು ಒಬ್ಬರ ಮಾತನ್ನೊಬ್ಬರು ಕೇಳಿದಲ್ಲಿ ಅಳತೆಯು ಸರಿಯಾಗುವದು. ಮತ್ತು ಆ ಅಳತೆಯ ಉದ್ದೇಶವು ಒಂದೇ ಆಗಿರತಕ್ಕದ್ದು. ದರ್ಜಿಯು ಅಂಗಿ ಹೊಲಿಯುವದಕ್ಕಾಗಿ ಅಳೆಯುವನು. ಹೊಲಿಯುವ ಮನಸ್ಸಿಲ್ಲದವನು ಮೈಯ ಮೇಲೆ ಅಳತೆಯ ಪಟ್ಟಿಯನ್ನು ಯಾಕೆ ಇಡಬೇಕು? ಸಹಾಯ ಮಾಡುವದಕ್ಕೆ ನಾವು ಸಿದ್ಧರಾಗಿಲ್ಲದಿದ್ದರೆ, ನಮ್ಮ ನೆರೆಯವನ ಮನಸ್ಸಿನ ವಿಷಯದಲ್ಲಿ ಒಂದು ಮಾತನ್ನೂ ಆಡದಿರುವದು ನಮಗೆ ಉಚಿತವಾಗಿದೆ.